ಕರೆಂಟ್ ಇರುವಾಗಲೇ

ಹದಿನಾಲ್ಕು ದಿನ, ಒಂಬತ್ತು ಸಲ. ಕೊಳ್ಳೇಗಾಲದ ನಮ್ಮ ಬಾಡಿಗೆ ಮನೆಯ ಎಂಸಿಬಿ, ಅಂದರೆ ಲೋಡು ಹೆಚ್ಚಾದರೆ ತಾನೇ ಕರೆಂಟು ಕಡಿಯುವ ಸ್ವಿಚ್ಚು, ಅಷ್ಟು ಸಲ ಬಿದ್ದ ಲೆಕ್ಕ ನನ್ನ ನೋಟುಪುಸ್ತಕದಲ್ಲಿದೆ. ಯಾವ ವಾರ, ಎಷ್ಟು ಗಂಟೆ, ಆಗ ಯಾವ ಸ್ವಿಚ್ಚು ಹಾಕಿತ್ತು, ಹಾಕಿದವರು ಯಾರು ಎಂದು ನಾಲ್ಕು ಕಲಂ. ಸಿಲಿಂಡರ್ ಎಷ್ಟು ದಿನ ಬಂತು, ನಲ್ಲಿ ನೀರು ಯಾವತ್ತು ಬಿಟ್ಟರು ಎಂಬುದನ್ನೂ ಬರೆದಿಡುವವಳು ನಾನು. ಆದರೆ ಈ ಲೆಕ್ಕ ಶುರುವಾದದ್ದು ಸಿಟ್ಟಿನಲ್ಲಿ.

ಬಿ.ಎಡ್. ಮುಗಿಸಿ ಕೆಲಸಕ್ಕಾಗಿ ಅಲೆಯುತ್ತಿದ್ದೆ. ಆನ್‌ಲೈನಿನಲ್ಲಿ ಪಾಠ ಹೇಳಿಸುವ ಒಂದು ಸಂಸ್ಥೆ ನನ್ನ ಅರ್ಜಿ ನೋಡಿ, ಹದಿನೈದು ನಿಮಿಷ ಪಾಠ ಮಾಡಿ ತೋರಿಸಿ ಎಂದಿತ್ತು. ಐದನೇ ತರಗತಿಯ ಭಿನ್ನರಾಶಿ. ರೊಟ್ಟಿಯನ್ನು ನಾಲ್ಕು ಭಾಗ ಮಾಡಿದ್ದೆ, ಅಷ್ಟೇ. ಲ್ಯಾಪ್‌ಟಾಪು ಕಪ್ಪಾಯಿತು. ಅದರ ಬ್ಯಾಟರಿ ಸತ್ತು ಬಹಳ ಕಾಲವಾಗಿದೆ. ಪ್ಲಗ್ಗಿನ ಕರೆಂಟಿನಲ್ಲೇ ಬದುಕಿದೆ.

"ಕರೆಂಟ್ ಓಯ್ತು," ಎಂದಳು ಅವ್ವ ಅಡುಗೆಮನೆಯಿಂದ. ರುಬ್ಬುತ್ತಿದ್ದ ಗ್ರೈಂಡರ್ ಬಿಟ್ಟು, ಮೊರ ಎತ್ತಿಕೊಂಡು ಬಾಗಿಲಲ್ಲಿ ಅಕ್ಕಿ ಆರಿಸಲು ಕುಳಿತಳು. ನಾನೂ ಕುಳಿತೆ. ಇಪ್ಪತ್ತು ನಿಮಿಷ! ನಮ್ಮಲ್ಲಿ ಕರೆಂಟ್ ಹೋದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ, ಬರುವವರೆಗೆ ಕಾಯುತ್ತಾರೆ. ಆಮೇಲೆ ಕೆಳಗಿನ ಮನೆಯ ಟಿವಿಯ ಸದ್ದು ಕಿವಿಗೆ ಬಿತ್ತು.

ಓಡಿದೆ. ಮೀಟರ್ ಬೋರ್ಡು ಕೆಳಗೆ, ಮೆಟ್ಟಿಲ ಅಡಿಯಲ್ಲಿ. ಮೂರು ಮನೆಗೆ ಮೂರು ಎಂಸಿಬಿ, ನಡುವಿನದು ನಮ್ಮದು. ಅದರ ಕಡ್ಡಿ ಅರ್ಧಕ್ಕೆ ಇಳಿದಿತ್ತು. ಮೇಲಕ್ಕೆ ತಳ್ಳಿದರೆ ನಿಲ್ಲಲಿಲ್ಲ. ಟಿವಿ ಬಿಟ್ಟು ಎದ್ದು ಬಂದ ಮನೆಯೊಡತಿ ನೋಡಿ ನಕ್ಕರು.

"ಏನಮ್ಮಿ, ಮಗೀನ್ ಗಲ್ಲ ಸವರ್ದಂಗೆ ಸವರ್ತಿದ್ದೀಯಲ್ಲ! ಮೊದ್ಲು ಪೂರ್ತಿ ಕೆಳಕ್ ಎಳಿ, ಆಮೇಲ್ ಮೇಲಕ್ ಎತ್ತು."

ಕೆಳಕ್ಕೆ ಎಳೆದು ಎತ್ತಿದೆ. ಟಕ್ ಎಂದು ನಿಂತಿತು. ಮೇಲೆ ಗ್ರೈಂಡರ್ ಗುರ್ ಎಂದಿತು. ಆ ಹೊತ್ತಿಗೆ ಸಂಸ್ಥೆಯವರು ವಿಡಿಯೋ ಕರೆ ಮುಗಿಸಿ ಹೋಗಿಬಿಟ್ಟಿದ್ದರು. ಫೋನಿನಲ್ಲಿ ಬೇಡಿಕೊಂಡ ಮೇಲೆ ಇನ್ನೊಂದು ಅವಕಾಶ ಕೊಟ್ಟರು: ಎರಡು ವಾರ ಬಿಟ್ಟು ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ. ಅದೂ ತಪ್ಪಿದರೆ ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಬೇಕು.

ಅಂದಿನಿಂದ ಬರೆದೆ. ಮನೆಯ ಪ್ಲಗ್ಗುಗಳಿಗೆಲ್ಲ ಒಂದೇ ಲೈನು. ಅಡುಗೆಮನೆಯ ಒಂದು ಪ್ಲಗ್ಗಿಗೆ ಅವ್ವ ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿ, ಅದರಲ್ಲಿ ಫ್ರಿಜ್ಜು, ಗ್ರೈಂಡರು, ಮಿಕ್ಸಿ, ನೀರು ಕಾಯಿಸುವ ಕೆಟಲ್ ಎಲ್ಲವನ್ನೂ ನೇತುಹಾಕಿದ್ದಾಳೆ. ಒಂದೊಂದಾಗಿ ಹಾಕಿದರೆ ಏನೂ ಆಗುವುದಿಲ್ಲ. ಆದರೆ ಅವ್ವ ಒಂದೊಂದಾಗಿ ಹಾಕುವವಳಲ್ಲ. ಅವಳು ಹುಟ್ಟಿ ಬೆಳೆದದ್ದು ಹನೂರಿನ ಆಚೆಯ ಹಳ್ಳಿಯಲ್ಲಿ. ಅಲ್ಲಿ ಕರೆಂಟು ಪಾಳಿಯಲ್ಲಿ ಬರುತ್ತಿತ್ತು. ಬಂದ ಕೂಡಲೇ ಪಂಪು, ಹಿಟ್ಟಿನ ಗಿರಣಿ, ರೇಡಿಯೋ, ಎಲ್ಲ ಒಟ್ಟಿಗೆ.

"ಒಂದ್ ಮುಗ್ದ್ ಮೇಲೆ ಒಂದ್ ಹಾಕವ್ವ," ಎಂದೆ.

"ಒಂದ್ ಮುಗ್ಯೋ ಹೊತ್ಗೆ ಕರೆಂಟ್ ಓದ್ರೆ? ಇರುವಾಗ್ಲೇ ಮಾಡ್ಕಬುಡ್ಬೇಕು."

"ಓಗ್ತಿರೋದೇ ನೀನ್ ಹಂಗ್ ಮಾಡೋದ್ರಿಂದ!"

"ನೋಡ್ದಾ, ಓಯ್ತದೆ ಅಂತ ನೀನೇ ಅಂತಿದ್ದೀಯ."

ಎಂಟನೇ ಸಲ ಬಿದ್ದಾಗ ನೋಟುಪುಸ್ತಕ ಬಿಡಿಸಿ ತೋರಿಸಿದೆ. ನಾಲ್ಕನೇ ಕಲಮಿನಲ್ಲಿ ಎಂಟು ಸಲವೂ "ಅವ್ವ" ಎಂದು ಬರೆದಿತ್ತು. ಅವಳು ಕನ್ನಡಕ ಹಾಕಿಕೊಂಡು ಓದಿ, "ಪೊಲೀಸ್ನೋರು ಬರ್ದಂಗ್ ಬರ್ದಿದ್ದೀಯಲ್ಲೇ," ಎಂದಳು. ಆದರೂ ಶುಕ್ರವಾರ ಹತ್ತರಿಂದ ಹತ್ತೂವರೆವರೆಗೆ ಏನೂ ಹಾಕುವುದಿಲ್ಲ ಎಂದು ಒಪ್ಪಿದಳು.

ಶುಕ್ರವಾರ ಒಂಬತ್ತು ಐವತ್ತೆರಡು. ಹತ್ತರೊಳಗೆ ಮುಗಿಸಬೇಕೆಂದು ಅವ್ವ ಗ್ರೈಂಡರಿಗೆ ನೆನೆದ ಅಕ್ಕಿ ಹಾಕಿ, ಇನ್ನೊಂದು ಕೈಯಲ್ಲಿ ಮಿಕ್ಸಿ ತಿರುಗಿಸುತ್ತಿದ್ದಳು. ನಾನು ಹಾಲಿನಲ್ಲಿ ದುಪಟ್ಟಾಕ್ಕೆ ಇಸ್ತ್ರಿ ಮಾಡುತ್ತಿದ್ದೆ. ಫ್ಯಾನು ನಿಧಾನವಾಯಿತು, ನಿಂತಿತು.

ಕೆಳಗೆ ಹೋಗಿ ಎಳೆದು ಎತ್ತಿದೆ. ಬಿತ್ತು. ಮತ್ತೆ ಎತ್ತಿದೆ. ಮತ್ತೆ ಬಿತ್ತು.

"ಅವ್ವಾ, ಎಲ್ಲಾ ಕಿತ್ತಾಕು!"

"ಕಿತ್ತೀವ್ನಿ ಕಣೇ! ಬಂತಾ?"

"ಎಲ್ ಬಂತು? ಸುಳ್ ಹೇಳ್ಬ್ಯಾಡ, ಏನೋ ಹಾಕಿದ್ದೀಯ! ಒಂದಿನ, ಒಂದೇ ಒಂದಿನ ಸುಮ್ನಿರು ಅಂದ್ರೆ ನಿನ್ ಕೈಲಾಗಲ್ವಲ್ಲ!"

ಬೀದಿಗೆಲ್ಲ ಕೇಳುವಂತೆ ಕೂಗಿದೆ. ಮನೆಯೊಡತಿ ಬಂದು ಎಂಸಿಬಿ ಮೇಲೆ ಬೆರಳಿಟ್ಟು, "ಕಾದದೆ ಕಣಮ್ಮಿ. ಎಲ್ಡ್ ನಿಮ್ಷ ಆರಾಕೆ ಬುಡು. ಅಷ್ಟ್ರಲ್ಲಿ ಮ್ಯಾಲೋಗಿ ನೀನೇ ನೋಡ್ಕಂಡ್ ಬಾ," ಎಂದರು. ಅವ್ವನ ಸುಳ್ಳು ಹಿಡಿಯಲೆಂದೇ ಮೆಟ್ಟಿಲು ಹತ್ತಿದೆ. ಅಡುಗೆಮನೆಯಲ್ಲಿ ಎಲ್ಲ ಪ್ಲಗ್ಗುಗಳೂ ನೆಲದ ಮೇಲೆ ಬಿದ್ದಿದ್ದವು, ಫ್ರಿಜ್ಜಿನದೂ ಸೇರಿ. ಹಾಲಿನಲ್ಲಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕಿದಂತೆಯೇ ಇತ್ತು.

ಅದನ್ನು ಕಿತ್ತೆ. ಮತ್ತೆ ಕೆಳಗಿಳಿದು ಎತ್ತಿದೆ, ನಿಂತಿತು. ರೂಟರ್ ಎದ್ದು, ಲ್ಯಾಪ್‌ಟಾಪ್ ಎದ್ದು, ನಾನು ತೆರೆಯ ಮೇಲೆ ಕಾಣಿಸಿಕೊಂಡಾಗ ಹತ್ತು ಗಂಟೆ ಹನ್ನೊಂದು ನಿಮಿಷ.

"ನಾಲ್ಕು ನಿಮಿಷ ಉಳಿದಿದೆ ಮೇಡಂ. ಹತ್ತೂಕಾಲಿಗೆ ಇನ್ನೊಬ್ಬರಿದ್ದಾರೆ," ಎಂದರು ಆ ಕಡೆಯವರು. ಏದುಸಿರಿನಲ್ಲೇ ಅರ್ಧ, ಕಾಲು, ಮುಕ್ಕಾಲು ಹೇಳಿದೆ. ಅವ್ವ ಅಡುಗೆಮನೆಯಲ್ಲಿ ಒಂದು ಲೋಟದ ಸದ್ದನ್ನೂ ಮಾಡಲಿಲ್ಲ.

ಸೋಮವಾರ ಮೆಸೇಜು ಬಂತು. ಆಯ್ಕೆಯಾಗಿಲ್ಲ.

ಅವ್ವ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ನನ್ನಿಂದ ಓಯ್ತಾ ಮಗ?"

ಒಂಬತ್ತನೇ ಸಾಲಿನ ನಾಲ್ಕನೇ ಕಲಂ ನಾನು ಇನ್ನೂ ತುಂಬಿರಲಿಲ್ಲ. "ಇಸ್ತ್ರಿಪೆಟ್ಗೆ ನಂದೇ ಕಣವ್ವ," ಎಂದೆ.

ಅವಳು ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. "ಹಿಂದ್ಲ ಮಂಗ್ಳಾರ್ವೂ ನೀನ್ ಇಸ್ತ್ರಿ ಮಾಡ್ತಿದ್ದೆ. ನಿನ್ ಬುಕ್ನಾಗೆ ಅದಿಲ್ವಲ್ಲ?"

ಇರಲಿಲ್ಲ. ಸ್ವಿಚ್ಚುಗಳನ್ನು ಬರೆಯುವಾಗ ನಾನು ಅಡುಗೆಮನೆಯನ್ನಷ್ಟೇ ನೋಡಿದ್ದೆ. ಇಬ್ಬರೂ ಕುಳಿತು ಒಂದೊಂದೇ ದಿನ ನೆನಪು ಮಾಡಿಕೊಂಡೆವು. ಎಂಟರಲ್ಲಿ ಮೂರು ಸಲ ಅವಳ ಗ್ರೈಂಡರಿನ ಜೊತೆ ನನ್ನ ಇಸ್ತ್ರಿಪೆಟ್ಟಿಗೆಯೂ ಇತ್ತು. ಮೂರು ಕಡೆ "ಅವ್ವ" ಪಕ್ಕದಲ್ಲಿ "ನಾನು" ಎಂದು ಸೇರಿಸಿದೆ. ಒಂಬತ್ತನೇ ಸಾಲಿನಲ್ಲೂ ಎರಡನ್ನೂ ಬರೆದೆ. ಲೆಕ್ಕ ಸರಿಯಾಯಿತು. ಅರ್ಜಿ ಹಾಕಲು ಇನ್ನೊಂದು ವರ್ಷ ಕಾಯಬೇಕು.