ಹತ್ತಿ ಬೇರೆ, ಬೀಜ ಬೇರೆ

ನಮ್ಮ ಮನೆಯ ಹುಡುಗಿ ಬಿ.ಎ. ಆಗುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದವನು ನನ್ನ ಸೋದರಮಾವ. ಅವನದು ಮಾನ್ವಿ ತಾಲ್ಲೂಕಿನ ಕುರ್ಡಿ. ದೇವದುರ್ಗದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ಚಹಾ ಕುಡಿಯುತ್ತಲೇ ಅಂದ: "ನನ್ನ ಮಗ ಏಳನೇತ್ತ ಫೇಲು. ಇಕಿ ಅವನಕಿಂತ ಹೆಚ್ಚಿಗಿ ಓದಿದ್ರ ಅವನ ಮಾತು ಕೇಳ್ತಾಳೇನ್ಬೇ? ಕೂಲಿಯಾಕಿ ಮಗಳು ಏನ್ ಕಲೆಕ್ಟರ್ ಆಗಾಕಿ ಅದಾಳೇನು?"

ಆ ಮಗನಿಗೆ ನಾನೆಂದು ಮಾವ ಎಂದೋ ಗೊತ್ತು ಮಾಡಿಟ್ಟಿದ್ದ. ನಾನಿನ್ನೂ ಲಂಗ ತೊಡುವ ವಯಸ್ಸಿನಲ್ಲಿ ಉಡಿಗೆ ಹಸಿರು ಕುಪ್ಪಸದ ಖಣ, ಎಲೆ, ಅಡಿಕೆ ಹಾಕಿ ಹೋಗಿದ್ದ. ನಮ್ಮಲ್ಲಿ ಅಷ್ಟಾದರೆ ಮಾತು ಮುಗಿಯಿತು. ಅಪ್ಪ ಸತ್ತಿದ್ದ, ಅವ್ವನಿಗೆ ಅಣ್ಣನ ಮಾತು ಮೀರುವ ಧೈರ್ಯವಿರಲಿಲ್ಲ. ಹೇಗೋ ಅತ್ತು ಕರೆದು, ಉಪವಾಸ ಬಿದ್ದು ರಾಯಚೂರಿನ ಕಾಲೇಜು ಸೇರಿದೆ, ಹಾಸ್ಟೆಲಿನಲ್ಲಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ಕೊನೆಯ ವರ್ಷಕ್ಕೆ ಬಂದಾಗ ಮಾವ ಯುಗಾದಿ ಆದ ಮೇಲೆ ಮದುವೆ ಎಂದು ಹೇಳಿ ಕಳಿಸಿದ. ಪರೀಕ್ಷೆ ಇದ್ದದ್ದು ಅದರ ನಂತರ. ಬೇಕೆಂದೇ ಹಾಗೆ ಮಾಡಿದ. ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

ಅಪ್ಪನ ತಾಯಿ, ನನ್ನ ಅಜ್ಜಿ, ಓಣಿಗೆಲ್ಲ ದೃಷ್ಟಿ ತೆಗೆಯುವವಳು. ಕಣ್ಣು ತಾಗಿದರೆ ಉಪ್ಪು ಮೆಣಸಿನಕಾಯಿ. ಕೂಸು ಬೆಚ್ಚಿದರೆ ಪಟಕದ ಕಲ್ಲು. ಕೆಂಡದ ಮೇಲೆ ಉಬ್ಬಿದ ಅದರ ಆಕಾರ ನೋಡಿ ನಾಯಿಗೆ ಬೆಚ್ಚಿತೋ ಎಮ್ಮೆಗೋ ಹೇಳುತ್ತಿದ್ದಳು. ಕೆಟ್ಟ ಕನಸಿಗೆ ದರ್ಗಾದ ಲೋಬಾನದ ಹೊಗೆ. ಚಿಕ್ಕಂದಿನಿಂದ ಅವಳ ಹಿಂದೆ ತಿರುಗಿ ನನಗೂ ಅಷ್ಟಿಷ್ಟು ಕೈಗೆ ಬಂದಿತ್ತು. ಹಾಸ್ಟೆಲಿನ ಹುಡುಗಿಯರಿಗೆ ಜ್ವರ ಬಂದರೆ ನಾನೇ ಇಳಿತೆಗೆಯುತ್ತಿದ್ದೆ. ಬೆನ್ನ ಹಿಂದೆ ನಗುತ್ತಿದ್ದರು, ಜ್ವರ ಬಂದಾಗ ಮಾತ್ರ ಕರೆಯುತ್ತಿದ್ದರು.

ಮದುವೆ ಮುರಿಯಬೇಕು ಎಂದೆ ಅಜ್ಜಿಗೆ.

"ನಿಂಬಿಹಣ್ಣು, ಕರಿ ದಾರ. ಅಮಾಸಿ ದಿನ," ಎಂದಳು, ಕೊತ್ತಂಬರಿ ಕೇಳಿದವರಿಗೆ ಹೇಳುವಂತೆ.

"ಅದು ಎಲ್ಲಾರೂ ಮಾಡೋದು. ನನ್ನ ಕೆಲಸಕ್ಕ ನನ್ನ ಸಾಮಾನೇ ಬೇಕು."

"ಕಾಲೇಜಿಗಿ ಹೋದ ಮ್ಯಾಲೆ ಮಾಟಕ್ಕೂ ಬ್ಯಾರೆ ಬುಕ್ಕು ಬಂದಾವೇನಲೇ?"

ಅವಳು ನಕ್ಕರೆ ನಗಲಿ. ಅವಳೇ ಕಲಿಸಿದ್ದು: ಏನು ಆಗಬೇಕೋ ಅದರಂತೆಯೇ ನಡೆಯುವ ವಸ್ತು ಹುಡುಕಬೇಕು. ನಿಂಬೆಹಣ್ಣು ಕೊಯ್ದರೆ ಎರಡು ಹೋಳಾಗುತ್ತದೆ, ನಿಜ; ಆದರೆ ಎರಡೂ ಹೋಳು ನಿಂಬೆಯೇ. ನನಗೆ ಅವನೂ ನಾನೂ ಬೇರೆ ಬೇರೆ ಪದಾರ್ಥ ಆಗಬೇಕಿತ್ತು. ಅವ್ವನ ಜೊತೆ ಹೊಲಕ್ಕೆ ಹೋಗಿ ಹತ್ತಿ ಬಿಡಿಸಿದವಳು ನಾನು. ರಾಯಚೂರಿನ ಹತ್ತಿ ಜಿನ್ನಿನ ಗಿರಣಿಯ ಬಾಗಿಲಲ್ಲಿ ನಿಂತು ನೋಡಿದ್ದೆ, ಬೀಜ ಒಂದು ಕಡೆ ಉದುರುತ್ತಿತ್ತು, ಅರಳೆ ಇನ್ನೊಂದು ಕಡೆ ಹಾರುತ್ತಿತ್ತು. ಒಮ್ಮೆ ಬಿಟ್ಟ ಮೇಲೆ ಅವು ಮತ್ತೆ ಕೂಡುವುದಿಲ್ಲ. ಹತ್ತಿಯೇ ಸರಿ ಎಂದುಕೊಂಡೆ.

ಬಟ್ಟೆ ಯಾವುದು? ಅದೇ ಹಸಿರು ಖಣ. ದಿನ? ಉಡಿ ತುಂಬಿದ್ದು ಸೋಮವಾರ, ಕಟ್ಟಿದ ದಿನವೇ ಬಿಚ್ಚಬೇಕು. ಮಾನ್ವಿಯ ದಿಕ್ಕಿಗೆ ಬೆನ್ನು ಮಾಡಿ ಕೂತೆ. ದೇವರನ್ನು ಕರೆಯಲಿಲ್ಲ, ಇದರಲ್ಲಿ ದುರ್ಗಮ್ಮನದೇನೂ ಕೆಲಸವಿರಲಿಲ್ಲ. "ಹತ್ತಿ ಬೇರೆ, ಬೀಜ ಬೇರೆ" ಎನ್ನುತ್ತ ಉಗುರಿನಿಂದ ಒಂದೊಂದೇ ಬೀಜ ಕಿತ್ತೆ. ಬೀಜಕ್ಕೊಂದು ಗಂಟು, ಅರಳೆಗೊಂದು ಗಂಟು ಹಾಕಿ ಟ್ರಂಕಿನ ತಳದಲ್ಲಿಟ್ಟೆ. ಕೆಲಸ ಆಗುವವರೆಗೆ ಜೊತೆಯಲ್ಲೇ ಇರಬೇಕು.

ಅಜ್ಜಿ ಒಂದೇ ಮಾತು ಅಂದಿದ್ದಳು: "ಬಿಳೀದು ಬ್ಯಾಡಾಗಿತ್ತು." ಯಾಕೆಂದು ನಾನು ಕೇಳಲಿಲ್ಲ.

ರಜೆಗೆ ನಾನು ಟ್ರಂಕಿನ ಸಮೇತ ಮನೆಗೆ ಬಂದಿದ್ದಾಗ ಮಾವನ ಹೆಂಡತಿ ಮದುವೆ ಸೀರೆ ತಂದಳು. ಸೊಸೆಯ ಟ್ರಂಕು ತನ್ನದೇ ಎಂಬಂತೆ ತೆಗೆದು ಕೈ ಹಾಕಿದಳು. ತಾನೇ ಆರಿಸಿ ಕೊಟ್ಟಿದ್ದ ಖಣ ಗುರುತಾಯಿತು. ಬಿಚ್ಚಿದಳು. ಬಿಳಿ ಅರಳೆ ಕಂಡಿದ್ದೇ ಚೀರಿದಳು.

"ಯವ್ವಾ! ಹೆಣದ ಮೂಗಿಗಿ ಇಡೋ ಹತ್ತೀನ ನನ್ನ ಮಗನ ಹೆಸರೀಲೆ ಕಟ್ಟಿಟ್ಟಾಳಲ್ಲೋ! ಮದಿವಿ ಆಗದಕ್ಕಿಂತ ಮೊದಲೇ ನುಂಗಾಕ ಕುಂತಾಳ ಮಾಟಗಾತಿ!"

ಆಗ ನನಗೆ ತಿಳಿಯಿತು. ನಾನು ಹೊಲ ನೋಡಿ ಹತ್ತಿ ಆರಿಸಿದ್ದೆ, ಅವಳು ಹೆಣ ನೋಡಿದವಳು. ಸಾವಿನ ಮನೆಯಲ್ಲಿ ಎಷ್ಟೋ ಸಲ ನಾನೂ ಆ ಹತ್ತಿ ಕಂಡಿದ್ದೆ, ಆದರೆ ಆರಿಸುವಾಗ ನೆನಪಾಗಿರಲಿಲ್ಲ. ಅಲ್ಲ, ಅದು ಹಾಗಲ್ಲ ಎನ್ನುವ ಮಾತು ಬಾಯಿಯವರೆಗೂ ಬಂತು. ನುಂಗಿದೆ.

"ಹೌದು," ಎಂದೆ. "ನಿನ್ನ ಮಗನ ಮೂಗಿಗೇ."

ಅವ್ವ ಕಸಬರಿಗೆಯಿಂದ ಹೊಡೆದಳು. ಹೊಡೆಯಲಿ ಎಂದು ನಿಂತೆ. ಅತ್ತೆ ಸೀರೆಯನ್ನೂ ಬಿಟ್ಟು ಕುರ್ಡಿಯ ದಾರಿ ಹಿಡಿದಳು. ಮರುದಿನ ಮಾವ ಬಂದ, ಹೊಸ್ತಿಲು ದಾಟಲಿಲ್ಲ. "ಇವತ್ತಿಗಿ ನನಗ ತಂಗೀನೂ ಇಲ್ಲ, ತಂಗಿ ಮನೀನೂ ಇಲ್ಲ. ಪಂಚಮಿ ಹಬ್ಬಕ್ಕ ಬರಬ್ಯಾಡ, ನಾ ಸತ್ರೂ ಬರಬ್ಯಾಡ," ಎಂದ. ಅವ್ವ ಅವನ ಕಾಲು ಹಿಡಿದಳು. ಅವನು ಕಾಲು ಕಿತ್ತುಕೊಂಡು ಹೋದ. ಮಾನ್ವಿಯಿಂದ ಕವಿತಾಳದವರೆಗೆ ನಾನು ಮಾಟಗಾತಿ ಎಂದು ಸುದ್ದಿ ಹಬ್ಬಿಸಿದರು. ಬೇರೆ ಯಾರೂ ನನ್ನನ್ನು ಕೇಳಿಕೊಂಡು ಬರಲಿಲ್ಲ. ಅದು ನನಗೆ ಒಳ್ಳೆಯದೇ ಆಯಿತು. ಕೂತು ಓದಿದೆ. ಪರೀಕ್ಷೆ ಬರೆದೆ. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ.

ನನ್ನ ಹತ್ತಿ ಕೆಲಸ ಮಾಡಿತೋ, ಅವರ ಹೆದರಿಕೆ ಮಾಡಿತೋ ಎಂದು ಓದಿದವರು ಈಗ ಕೇಳುತ್ತಾರೆ. ಬೀಜ ಬೇರೆಯಾಯಿತು, ಅರಳೆ ಬೇರೆಯಾಯಿತು. ನನಗೆ ಅಷ್ಟು ಸಾಕು.

ಪದವಿ ಪತ್ರ ತರಲು ರಾಯಚೂರಿಗೆ ಹೊರಟ ದಿನ ಅವ್ವ ತಾನೂ ಬರುತ್ತೇನೆಂದಳು. ದಾರಿಯುದ್ದ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ ಸಹಿ ಹಾಕಿಸಿಕೊಂಡು, ತಲೆ ಎತ್ತದೆ, ಪತ್ರವನ್ನು ಕಿಂಡಿಯಿಂದ ನನ್ನ ಕೈಗೆ ಕೊಟ್ಟ. ನಾನು ಅದನ್ನು ಅವ್ವನ ಕಡೆ ಚಾಚಿದೆ. ಅವಳು ಮುಟ್ಟಲಿಲ್ಲ.

"ನನ್ನ ತವರುಮನಿ ತಿಂದ ಕಾಗದ ಅದು," ಎಂದಳು. "ನೀನೇ ಹಿಡಕೋ. ಮಡಚಬ್ಯಾಡ."