ಹೆಣ್ಣು ನೋಡಲಿಕ್ಕೆ ಬಂದವನ ಸುಕ್ಕು ಅಂಗಿ

ಹೆಣ್ಣು ನೋಡಲಿಕ್ಕೆ ಬಂದ ಹುಡುಗ ನಮ್ಮ ಮನೆಯ ಜಗಲಿಯಲ್ಲಿ ಬರೀ ಬನಿಯನ್ನಿನಲ್ಲಿ ಕೂತಿದ್ದ.

ನೀವು ಸರಿಯಾಗಿಯೇ ಓದಿದಿರಿ. ಬನಿಯನ್. ಎದುರಿಗೆ ಶಿರಾ, ಅವಲಕ್ಕಿ, ಚಾ. ಒಂದು ಬದಿಗೆ ಅವನ ಅಮ್ಮ, ಇನ್ನೊಂದು ಬದಿಗೆ ಅವನ ದೊಡ್ಡಪ್ಪ. ನಡುವೆ ಈ ಹುಡುಗ, ಬಾವಿಕಟ್ಟೆಯಿಂದ ಸೀದಾ ಎದ್ದು ಬಂದವನ ಹಾಗೆ.

ಅವನ ಅಂಗಿ ಎಲ್ಲಿತ್ತು? ಒಳಗೆ. ನನ್ನ ಕೈಯಲ್ಲಿ.

ಹೋದ ತಿಂಗಳ ಒಂದು ಆದಿತ್ಯವಾರದ ಕತೆ ಇದು. ನನ್ನ ಎದೆ ಇನ್ನೂ ಡವಡವ ಅನ್ನುತ್ತಿದೆ. ಗಾಬರಿಗೋ, ಖುಷಿಗೋ, ನನಗೇ ಗೊತ್ತಾಗುವುದಿಲ್ಲ. (ಇಷ್ಟು ದಿನ ನಿಮಗೂ ಹೇಳದೆ ಬಾಯಿ ಕಟ್ಟಿಕೊಂಡು ಕೂತಿದ್ದೆ. ಮಾತು ಪಕ್ಕಾ ಆಗುವ ಮೊದಲೇ ಪೇಪರಿನ ಈ ಅಂಕಣದಲ್ಲಿ ಬರೆದಿದ್ದರೆ ಮೊಮ್ಮಗಳು ನನ್ನನ್ನು ಸುಮ್ಮನೆ ಬಿಡುತ್ತಿದ್ದಳಾ?)

ಮೊಮ್ಮಗಳು ಅಂದರೆ ಅಕ್ಷತಾ, ನನ್ನ ಮಗನ ಮಗಳು. ಕುಮಟೆಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ದಿನಾ ಬೆಳಿಗ್ಗೆ ನಮ್ಮ ಊರು ಕಾಗಾಲದಿಂದ ಸ್ಕೂಟಿಯಲ್ಲಿ ಹೋಗಿ ಊರವರ ರಕ್ತ ತೆಗೆಯುತ್ತಾಳೆ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ನನಗೆ ಅವಳ ಬಿಳಿ ಕೋಟು ಕಂಡರೆ ಈಗಲೂ ಎದೆ ಉಬ್ಬುತ್ತದೆ. ಬಂದ ಹುಡುಗರೂ ಕಡಿಮೆಯೇನಲ್ಲ. ಇವಳಿಗೆ ಮಾತ್ರ ಯಾರೂ ಹಿಡಿಸಲಿಲ್ಲ. ಕಡೆಗೆ ಒಂದು ದಿನ ಹೇಳಿಬಿಟ್ಟಳು.

"ಈ ಹೊನ್ನಾವರದವನನ್ನು ನೋಡ್ತೆ. ಇದೂ ಆಗ್ಲಿಲ್ಲ ಅಂದ್ರೆ ಮತ್ತೆ ಯಾರನ್ನೂ ಕರೀಬೇಡಿ. ನನ್ನಷ್ಟಕ್ಕೆ ನನ್ನ ಬಿಟ್ಟುಬಿಡಿ."

ಅವಳು ಹೇಳಿದ್ದನ್ನು ಮಾಡುವವಳು. ಹಾಗಾಗಿ ಆ ಆದಿತ್ಯವಾರದ ಮೇಲೆ ನಮ್ಮ ಇಡೀ ಮನೆಯ ಜೀವ ನಿಂತಿತ್ತು.

ನಾನು ಎಂತ ಮಾಡಿದೆ? ನನಗೆ ಬರುವ ವಿದ್ಯೆ ಒಂದೇ. ಇಸ್ತ್ರಿ. ಹಿಂದಿನ ದಿನ ಬೆಳಿಗ್ಗೆ ಪೆಟ್ಟಿಗೆ ಹಿಡಿದವಳು ಸಂಜೆಗೇ ಬಿಟ್ಟದ್ದು. ಕಿಟಕಿಯ ಪರದೆ, ಸೋಫಾದ ಬಟ್ಟೆ, ಟೇಬಲ್ಲಿನ ಬಟ್ಟೆ, ಟವೆಲ್ಲು, ಮಗನ ಪ್ಯಾಂಟು, ಯಜಮಾನರ ಅಂಗಿ, ಪಂಚೆ, ಕೈವಸ್ತ್ರ. ಇಸ್ತ್ರಿ ಆಗದೆ ಉಳಿದದ್ದು ಮನೆಯ ಬೆಕ್ಕು ಒಂದೇ.

ನಮ್ಮ ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು. ಆ ಖಾಕಿಯ ಗೆರೆ ಚೂರಿಯ ಹಾಗೆ ನಿಲ್ಲಬೇಕು. ಕೆಂಡದ ಪೆಟ್ಟಿಗೆಯ ಕಾಲದಿಂದ ಕರೆಂಟಿನ ಪೆಟ್ಟಿಗೆಯವರೆಗೆ ಆ ಗೆರೆ ನಿಲ್ಲಿಸಿದ ಕೈ ನನ್ನದು. ರಿಟೈರ್ ಆದಮೇಲೂ ಗೆರೆ ರಿಟೈರ್ ಆಗಲಿಲ್ಲ. ಅವರ ಲೆಕ್ಕದಲ್ಲಿ ಮನುಷ್ಯ ಅಂದರೆ ಅಂಗಿ. "ಅಂಗಿ ಕಂಡ್ರೆ ಸಾಕು, ಟಿಕೆಟ್ ತೆಗೀದೆ ಇಳಿಯುವವ ಯಾರು ಅಂತ ಹೇಳ್ತೆ" ಅನ್ನುತ್ತಾರೆ.

ಈಗ ನೀವೇ ಅಂದಾಜು ಮಾಡಿ. ಇಂಥ ಮನೆಯ ಅಂಗಳದಲ್ಲಿ ಕಾರಿನಿಂದ ಹುಡುಗ ಇಳಿದ. ಹೆಸರು ಪ್ರಶಾಂತ. ದನದ ಡಾಕ್ಟ್ರು. ಎತ್ತರ ಇದ್ದಾನೆ, ಮುಖದಲ್ಲಿ ನಗು ಇದೆ. ಮತ್ತೆ ಅಂಗಿ?

ಅಯ್ಯೋ ದೇವರೇ! ಒಣಗಿಸಿದ ಹಾಗಲಕಾಯಿ! ಕಾಲರಿನಿಂದ ಸೊಂಟದವರೆಗೆ ಬರೀ ಸುಕ್ಕು. ತೋಳಿನಲ್ಲಿ ಸುಕ್ಕು, ಜೇಬಿನಲ್ಲೂ ಸುಕ್ಕು.

"ಟಿಕೆಟ್ ತೆಗೀದವ" ಅಂದರು ಯಜಮಾನರು, ನನ್ನ ಕಿವಿಯಲ್ಲಿ.

ಮಗನ ಮುಖ ಬಾಡಿತು. "ಮನಸ್ಸಿಲ್ಲದೆ ಬಂದದ್ದು ಅಂತ ಕಾಣ್ತದೆ ಆಯಿ" ಅಂದ.

ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಹೆಣ್ಣು ನೋಡುವ ದಿನ ಹುಡುಗ ಇಸ್ತ್ರಿ ಇಲ್ಲದ ಅಂಗಿಯಲ್ಲಿ ಬಂದರೆ ನಮ್ಮ ಕಡೆ ಅದಕ್ಕೆ ಅರ್ಥ ಏನು? "ನೀವು ಕರೆದಿರಿ, ಬಂದೆವು, ಚಾ ಕೊಡಿ, ಹೋಗ್ತೇವೆ" ಅಂತ. ಬಾಯಲ್ಲಿ ಹೇಳುವುದು ಕಷ್ಟ ಅಂತ ಅಂಗಿಯಲ್ಲಿ ಹೇಳುವುದು.

ಒಳಗೆ ಸೀರೆ ಉಟ್ಟು ಕೂತ ಅಕ್ಷತಾಳ ನೆನಪಾಯಿತು. ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆದುಕೊಂಡಿತು.

"ತಮಾ, ಅಂಗಿ ಬಿಚ್ಚು."

ಹುಡುಗ ತನ್ನ ಅಂಗಿಯನ್ನೊಮ್ಮೆ ನೋಡಿಕೊಂಡ.

"ಎಂತ ಅಜ್ಜಿ?"

"ಅಂಗಿ ಬಿಚ್ಚು ಅಂದೆ. ಪೆಟ್ಟಿಗೆ ಬಿಸಿ ಮಾಡೂಕೆ ಎಷ್ಟು ಹೊತ್ತು? ಚಾ ಆರೂದ್ರೊಳಗೆ ಕೊಡ್ತೆ."

"ಬೇಡ ಅಜ್ಜಿ, ಇದು ಹೀಗೇ..."

"ಹೀಗೇ ಅಂದ್ರೆ? ನಮ್ಮನೆಗೆ ಬಂದು ಹೀಗೇ ಕೂತ್ರೆ ನೋಡಿದವರು ಎಂತ ಹೇಳೂದಿಲ್ಲ? ನಾಚ್ಕೆ ಎಂತದು, ನಾನೂ ಗಂಡುಮಕ್ಕಳ ಹೆತ್ತವಳೇ."

ಅವನ ಅಮ್ಮ ಏನೋ ಹೇಳಲಿಕ್ಕೆ ಬಾಯಿ ತೆರೆದರು. ನಾನು ಬಿಟ್ಟರೆ ತಾನೇ? ಕೈ ಚಾಚಿ ನಿಂತೇಬಿಟ್ಟೆ. ಕಡೆಗೆ ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಕೊಟ್ಟುಬಿಡೋ. ಅಜ್ಜಿ ಬಿಡೂ ಹಾಗೆ ಕಾಣೂದಿಲ್ಲ" ಅಂದರು.

ಒಳಗೆ ಬಂದು ಪೆಟ್ಟಿಗೆ ಬಿಸಿ ಮಾಡಿದೆ. ಒತ್ತಿದೆ. ಸುಕ್ಕು ಮಲಗಿತು. ಪೆಟ್ಟಿಗೆ ಎತ್ತಿದೆ. ಸುಕ್ಕು ಎದ್ದು ಕೂತಿತು!

ನೀರು ಚಿಮುಕಿಸಿ ಒತ್ತಿದೆ. ಮಲಗಿತು, ಎದ್ದಿತು. ಇದೆಂಥ ಹಟದ ಅಂಗಿ? ನನ್ನ ಕೈಗೆ ಬಗ್ಗದ ಬಟ್ಟೆ ಈ ತಾಲೂಕಿನಲ್ಲಿ ಇದೆಯಾ? ಸಿಟ್ಟು ಬಂತು. ಗುಂಡಿ ತಿರುಗಿಸಿ ಬಿಸಿ ಜಾಸ್ತಿ ಮಾಡಿದೆ. ಮತ್ತೂ ತಿರುಗಿಸಿದೆ. ಅದು ಇನ್ನು ತಿರುಗುವುದಿಲ್ಲ ಅಂದಮೇಲೆ ಎರಡೂ ಕೈ ಹಾಕಿ, ಮೈಭಾರ ಬಿಟ್ಟು ಒತ್ತಿದೆ.

ವಾಸನೆ ಬಂತು.

ಪೆಟ್ಟಿಗೆ ಎತ್ತಿದರೆ ಅಂಗಿಯೂ ಜೊತೆಗೇ ಎದ್ದು ಬಂತು. ಬಿಡಿಸಿ ನೋಡಿದೆ. ಬೆನ್ನಿನ ಸರೀ ಮಧ್ಯದಲ್ಲಿ ಒಂದು ತೂತು. ಅಂಚೆಲ್ಲ ಕಂದು. ಆಕಾರ ಮಾತ್ರ ಚಂದ, ಸಣ್ಣ ದೋಣಿಯ ಹಾಗೆ.

"ಅತ್ತೇ! ಎಂತ ಮಾಡಿದ್ರಿ ಮಾರಾಯ್ರೇ!" ಸೊಸೆ ಸುಮನಾ ಹಣೆ ಹಣೆ ಬಡಿದುಕೊಂಡಳು.

ಮೊಮ್ಮಗಳ ಮದುವೆಯನ್ನೇ ಪೆಟ್ಟಿಗೆಯ ಅಡಿಗೆ ಹಾಕಿ ಒತ್ತಿಬಿಟ್ಟೆನಲ್ಲ! ಅಕ್ಷತಾ ಓಡಿಬಂದಳು. ಅಂಗಿ ನೋಡಿದಳು. ನನ್ನ ಮುಖ ನೋಡಿದಳು. ಬಾಯಿಗೆ ಕೈ ಒತ್ತಿಕೊಂಡಳು, ಭುಜ ಕುಣಿಯಲಿಕ್ಕೆ ಶುರುವಾಯಿತು. ಅಳುತ್ತಿದ್ದಾಳೆ ಅಂದುಕೊಂಡೆ. ಅಲ್ಲ! ನಗುತ್ತಿದ್ದಾಳೆ!

ಜಗಲಿಗೆ ಹೇಗೆ ಹೋದೆನೋ ದೇವರಿಗೇ ಗೊತ್ತು. ಅಂಗಿಯನ್ನು ಎರಡು ಕೈಯಲ್ಲಿ ಹಿಡಿದು ಅವನ ಮುಂದೆ ನಿಂತೆ. ಆ ಹುಡುಗ ಅಂಗಿ ತಗೊಂಡ. ಎತ್ತಿ ಹಿಡಿದ. ತೂತಿನಿಂದ ನನ್ನನ್ನು ನೋಡಿದ.

"ಅಜ್ಜಿ, ಗಾಳಿ ಆಡೂಕೆ ಕಿಟಕಿ ಮಾಡ್ಕೊಟ್ರಿ. ಸೆಖೆಗೆ ಒಳ್ಳೇದಾತು."

ಅವನ ಅಮ್ಮ ಈಗ ಸೆರಗು ತೆಗೆದು ಬಾಯಿಬಿಟ್ಟೇ ನಕ್ಕರು. "ನಾನು ಹೇಳೂಕೆ ಬಂದೆ, ನೀವು ಕೇಳ್ಲಿಲ್ಲ. ಅದು ಅಂಗಡಿಯಲ್ಲಿ ಇರೂವಾಗಲೇ ಸುಕ್ಕಿರೂ ಬಟ್ಟೆ. ಇಸ್ತ್ರಿಯೇ ಬೇಡ ಅಂತ ಹುಡುಕಿ ತಗೊಂಡದ್ದು."

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. "ದುಡ್ಡು ಕೊಟ್ಟು ಸುಕ್ಕು ತಗೊಂಡ್ರಾ?"

ಪಾಪ, ಅವರಿಗೂ ಶಾಕ್.

ಹುಡುಗನಿಗೆ ಯಜಮಾನರದೇ ಅಂಗಿ ಕೊಟ್ಟೆವು. ಎರಡು ಸೈಜು ದೊಡ್ಡದು, ಮೇಲಿಂದ ನಾನು ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಹಾಕಿಕೊಂಡವನು ಸಿಮೆಂಟಿನ ಬೊಂಬೆಯ ಹಾಗೆ ಕೂತ. ಚಾ ಕುಡಿಯಲಿಕ್ಕೆ ಕೈ ಮಡಚಿದರೆ ಕರಕರ ಸದ್ದು.

ಅವನ ಅಮ್ಮ ಮನೆಯ ವಿಷಯ ಹೇಳಿದರು. ಒಂದು ಕಾಲದಲ್ಲಿ ಅವರಲ್ಲೂ ರಾಶಿ ರಾಶಿ ಇಸ್ತ್ರಿ. ಅವರ ಭುಜ ಹಿಡಿದುಕೊಂಡು ಕೈ ಮೇಲೆ ಎತ್ತಲಿಕ್ಕೇ ಆಗದ ಹಾಗಾಯಿತಂತೆ. ಆವತ್ತಿನಿಂದ ಅಪ್ಪ, ಮಗ ಅವರವರ ಬಟ್ಟೆ ಅವರವರೇ ನೋಡಿಕೊಳ್ಳುವುದು. "ಇವನ ಬಟ್ಟೆಗಂತೂ ಸಗಣಿ, ಗಂಜಲ. ನಾನು ಮುಟ್ಟೂದೇ ಇಲ್ಲ" ಅಂದರು. ಇದನ್ನು ಹೆಮ್ಮೆಯಿಂದ ಹೇಳುತ್ತಾರೆ! ಬೀಗರ ಮನೆಯಲ್ಲಿ ಕೂತು! ನಾನು ಆ ಕಡೆ ನೋಡಿದೆ, ಈ ಕಡೆ ನೋಡಿದೆ.

ಆಮೇಲೆ ಹುಡುಗ ಹುಡುಗಿ ಮಾತಾಡಲಿ ಅಂತ ಹಿತ್ತಲಿಗೆ ಕಳಿಸಿದೆವು. (ಅಡುಗೆಮನೆಯ ಕಿಟಕಿ ಹಿತ್ತಲಿಗೇ ತೆರೆಯುತ್ತದೆ. ನಾನು ಅಲ್ಲಿ ಪಾತ್ರೆ ತೊಳೆಯುತ್ತಿದ್ದೆ ಅಂತ ನೀವು ನಂಬಬೇಕು.) ಬೆಳಗಿನ ಗಡಿಬಿಡಿಯಲ್ಲಿ ಮಷಿನ್ನಿನಿಂದ ತೆಗೆದ ಬಟ್ಟೆ ಹಗ್ಗದ ಬುಡದಲ್ಲಿ ಬಕೆಟ್ಟಿನಲ್ಲೇ ಇತ್ತು. ಸೊಸೆ ಅದನ್ನು ಮರೆತೇಬಿಟ್ಟಿದ್ದಳು.

ಅಕ್ಷತಾ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ?

"ನಿಮ್ಮನೆಯಲ್ಲಿ ನಾನು ಎಷ್ಟು ಅಂಗಿಗೆ ಇಸ್ತ್ರಿ ಹಾಕ್ಬೇಕಾಗ್ತದೆ?"

ನನ್ನ ಕೈಯಿಂದ ಲೋಟ ಜಾರಿತು. ನಮ್ಮ ಕಾಲದಲ್ಲಿ ನಾವು ಹುಡುಗನ ಕಾಲಿನ ಹೆಬ್ಬೆರಳು ನೋಡಿ ಒಳಗೆ ಬಂದವರು!

"ನಿಮ್ದು ಮಾತ್ರ. ಅದೂ ನಿಮಗೆ ಬೇಕು ಅನ್ಸಿದ್ರೆ."

"ಬಾಯಲ್ಲಿ ಎಲ್ಲಾರೂ ಹೇಳ್ತಾರೆ. ನಮ್ಮನೆಯಲ್ಲಿ ಆದಿತ್ಯವಾರ ಅಂದ್ರೆ ನಾನು, ಆಯಿ, ಅಜ್ಜಿ ಮೂವರೂ ಬಟ್ಟೆಯ ಹಿಂದೆ. ರಜೆ ಇರೂದು ಗಂಡಸರಿಗೆ."

ಹುಡುಗ ಸೀದಾ ಬಕೆಟ್ಟಿನ ಹತ್ತಿರ ಹೋದ. ನನ್ನ ಮಗನ ಪ್ಯಾಂಟು ಎತ್ತಿದ. ಫಟ್ ಅಂತ ಕೊಡವಿದ! ಆ ಗಂಜಿ ಅಂಗಿಯೂ ಜೊತೆಗೆ ಕರ್ ಅಂದಿತು. ಹೊಲಿಗೆಗೆ ಹೊಲಿಗೆ ಜೋಡಿಸಿ, ಕಾಲು ಮೇಲೆ, ಸೊಂಟ ಕೆಳಗೆ ಮಾಡಿ ಕ್ಲಿಪ್ಪು ಹಾಕಿದ.

"ನೀರಿನ ಭಾರಕ್ಕೇ ಸುಕ್ಕು ಇಳೀತದೆ. ಹ್ಯಾಂಗರ್ ಇದ್ಯಾ?"

ಅಕ್ಷತಾ ಓಡಿಬಂದು ಹ್ಯಾಂಗರ್ ತಗೊಂಡು ಹೋದಳು. ಅಂಗಿಗಳನ್ನು ಅವನು ಹಗ್ಗಕ್ಕೆ ಮಡಚಿ ಹಾಕಲಿಲ್ಲ. ಒದ್ದೆ ಇರುವಾಗಲೇ ಹ್ಯಾಂಗರಿಗೆ ಏರಿಸಿ, ಮೇಲಿನ ಗುಂಡಿ ಹಾಕಿ, ಕಾಲರನ್ನು ಅಂಗೈಯಲ್ಲಿ ನೀವಿದ. ಕರುವಿನ ಕುತ್ತಿಗೆ ನೀವಿದ ಹಾಗೆ.

"ಮಷಿನ್ ತುಂಬಾ ತುಂಬೂದು ಬೇಡ. ಬಟ್ಟೆಗೆ ಆಚೀಚೆ ಆಗೂಕೆ ಜಾಗ ಬೇಕು. ನಿಂತ ಕೂಡ್ಲೆ ತೆಗೀಬೇಕು. ಅದ್ರಲ್ಲೇ ಬಿಟ್ಟು ಮೀನು ತರೂಕೆ ಹೋದ್ರೆ ಸುಕ್ಕು ಬರದೆ ಇನ್ನೆಂತ?"

ನನಗೆ ಮತ್ತೆ ಶಾಕ್. ಇವನಿಗೆ ನಮ್ಮ ಮನೆಯ ವಿಷಯ ಯಾರು ಹೇಳಿದರು? ಮಷಿನ್ ಪೀಂ ಪೀಂ ಅಂತ ಕೂಗುವಾಗ ನಾವು ಮೂವರೂ ಮೀನಿನವಳ ಬುಟ್ಟಿಯ ಸುತ್ತ ಇರುತ್ತೇವೆ!

ಅಷ್ಟರಲ್ಲಿ ಅವನು ಬಕೆಟ್ಟಿನಿಂದ ಒಂದು ಪಂಚೆ ಎತ್ತಿದ. ನಾನು ಯಜಮಾನರನ್ನು ಎಳೆದು ತಂದು ಕಿಟಕಿಗೆ ನಿಲ್ಲಿಸಿದೆ.

"ಅಯ್ಯೋ, ಅದು ನನ್ನ ಪಂಚೆ!" ಅಂದರು.

ಹೌದು. ಹೆಣ್ಣು ನೋಡಲಿಕ್ಕೆ ಬಂದವನು ಹೆಣ್ಣಿನ ಅಜ್ಜನ ಪಂಚೆ ಕೊಡವುತ್ತಿದ್ದಾನೆ. ಆ ತುದಿ ಹಿಡಿದವಳು ಅಕ್ಷತಾ. ಇಬ್ಬರೂ ಎಳೆಯುತ್ತಾರೆ, ನಗುತ್ತಾರೆ. ಇಂಥ ಶಾಸ್ತ್ರವನ್ನು ಭಟ್ಕಳದಿಂದ ಕುಮಟೆಯವರೆಗೆ ಯಾರಾದರೂ ಕಂಡದ್ದಿದೆಯಾ?

ಬಕೆಟ್ ಖಾಲಿ ಆಯಿತು. ಅಕ್ಷತಾ ಒಳಗೆ ಬಂದಳು. ಸೀರೆಯ ನೆರಿಗೆಯೆಲ್ಲ ಒದ್ದೆ.

"ಆತು ಅಜ್ಜಿ. ನಂಗೆ ಒಪ್ಪಿಗೆ."

ನನಗೆ ಏನು ಮಾಡಬೇಕು ಗೊತ್ತಾಗಲಿಲ್ಲ. ಅವಳನ್ನು ತಬ್ಬಿಕೊಂಡೆ, ಸೊಸೆಯನ್ನು ತಬ್ಬಿಕೊಂಡೆ, ಬೆಕ್ಕಿಗೆ ಶಿರಾ ಹಾಕಿದೆ. ಜಗಲಿಗೆ ಹೋಗಿ ಆ ಹುಡುಗನ ಗಲ್ಲ ಹಿಡಿದು ಅತ್ತೂಬಿಟ್ಟೆ. ಅವನು "ಅಜ್ಜಿ, ಈ ಅಂಗಿ ವಾಪಸ್ ಕೊಡೂದಾ?" ಅಂತ ಕೇಳಿದ. "ಅದು ನಿಂಗೇ ಇರ್ಲಿ ತಮಾ" ಅಂದೆ. "ನನ್ನ ಹೊಸ ಅಂಗಿ ಅದು!" ಅಂತ ಯಜಮಾನರು ಹಿಂದಿನಿಂದ ಹೇಳಿದ್ದು ನನಗೆ ಕೇಳಿಸಲಿಲ್ಲ.

ಆವತ್ತಿನಿಂದ ನನಗೆ ಒಂದೇ ಯೋಚನೆ. ಇಷ್ಟು ವರ್ಷ ನಾನು ಯಾರಿಗಾಗಿ ಟವೆಲ್ಲಿಗೆ ಇಸ್ತ್ರಿ ಹಾಕಿದೆ? ಟವೆಲ್ ಎಲ್ಲಿಗೆ ಹೋಗುತ್ತದೆ, ಕಚೇರಿಗಾ? ಹಾಸಿಗೆಯ ಬಟ್ಟೆಗೆ ಹಾಕಿದೆ. ಮಲಗಿ ಮಗ್ಗುಲು ಬದಲಿಸಿದರೆ ಮುಗಿಯಿತು. ನನ್ನ ಒಳಲಂಗಕ್ಕೂ ಹಾಕಿದ್ದೇನೆ, ನಿಮ್ಮಲ್ಲಿ ಮುಚ್ಚಿಡುವುದು ಎಂತಕ್ಕೆ? ಮಳೆಗಾಲದಲ್ಲಿ ನಾವು ಪೆಟ್ಟಿಗೆ ಒತ್ತುವುದು ಸುಕ್ಕಿಗೂ ಅಲ್ಲ, ಬಟ್ಟೆಯ ತಂಡಿ ಒಣಗಿಸಲಿಕ್ಕೆ. ಒಳಗಿನ ಕೋಣೆಯಲ್ಲಿ ಹಗ್ಗ ಕಟ್ಟಿ, ಹ್ಯಾಂಗರ್ ತೂಗಿಸಿ, ಫ್ಯಾನ್ ಹಾಕಿದರೆ ಆ ಕೆಲಸವೂ ಮುಗಿಯುತ್ತದೆ.

ಈಗ ನಮ್ಮ ಮನೆಯಲ್ಲಿ ಹೊರಗೆ ಹಾಕಿಕೊಂಡು ಹೋಗುವ ಬಟ್ಟೆಗೆ ಮಾತ್ರ ಇಸ್ತ್ರಿ. ಅದೂ ಬೇಕಾದವರು ಮಾಡಿಕೊಳ್ಳಬೇಕು. ಕುಮಟೆ ಪೇಟೆಯಿಂದ ಇನ್ನಷ್ಟು ಹ್ಯಾಂಗರ್ ತಂದಿದ್ದೇವೆ, ಸಮುದ್ರದ ಗಾಳಿಗೆ ಹಾರದ ಹಾಗೆ ಕ್ಲಿಪ್ಪನ್ನೂ ತಂದಿದ್ದೇವೆ. ಮೊನ್ನೆ ಯಜಮಾನರು ಮೊದಲ ಸಲ ತಮ್ಮ ಪ್ಯಾಂಟಿಗೆ ತಾವೇ ಪೆಟ್ಟಿಗೆ ಒತ್ತಿದರು. ಒಂದೇ ಕಾಲಿಗೆ ಎರಡು ಗೆರೆ. "ನಮ್ಮ ರೈಲಿಗೂ ಇನ್ನೂ ಡಬಲ್ ಲೈನ್ ಆಗ್ಲಿಲ್ಲ, ನಿಮ್ಮ ಪ್ಯಾಂಟಿಗೆ ಆತು" ಅಂದಳು ಸೊಸೆ. ಅದನ್ನೇ ಹಾಕಿಕೊಂಡು ಪೇಟೆಗೆ ಹೋಗಿ ಬಂದರು. ಯಾರೂ ನೋಡಲಿಲ್ಲವಂತೆ. ಅದೇ ಅವರಿಗೆ ದೊಡ್ಡ ಶಾಕ್.

ಮದುವೆ ನಿಶ್ಚಯ ಆಗಿದೆ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆದರೂ ಮನಸ್ಸಿನಲ್ಲಿ ಒಂದು ಅಳುಕು ಇತ್ತು. ನಿನ್ನೆ ಅಕ್ಷತಾಳನ್ನು ಕೇಳಿಯೇಬಿಟ್ಟೆ.

"ತಂಗೀ, ನಾನು ಅಂಗಿ ಸುಟ್ಟ ಹೊತ್ತಿಗೆ ಅವ ಸಿಟ್ಟು ಮಾಡಿ ಎದ್ದುಹೋಗಿದ್ರೆ ಎಂತ ಗತಿ?"

"ಹೋಗಿದ್ರೆ ಒಳ್ಳೇದೇ ಆಗ್ತಿತ್ತು ಅಜ್ಜಿ. ಸಿಟ್ಟು ಎಷ್ಟಿದೆ ಅಂತ ಮದುವೆಗೆ ಮುಂಚೆನೇ ಗೊತ್ತಾಗ್ತಿತ್ತು."

ಜಾತಕ ನೋಡುತ್ತೇವೆ, ನೌಕರಿ ನೋಡುತ್ತೇವೆ, ಮನೆ ನೋಡುತ್ತೇವೆ. ಹಾಗಾದರೆ ಹುಡುಗನ ಒಂದು ಅಂಗಿ ಸುಟ್ಟು ನೋಡುವುದನ್ನೂ ಶಾಸ್ತ್ರಕ್ಕೆ ಸೇರಿಸಿದರೆ ಏನಂತೀರಿ?