ಚೆಂಬಿನ ತಳದ ಹೆಸರು

ಮೊಮ್ಮಗಳ ಅಂಗಡಿ ಉಳಿಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಇವತ್ತು ಬೆಳಿಗ್ಗೆ ನನ್ನ ಮಗನೇ ಮುಂದಿನ ಕೋಣೆಯ ಗೋಡೆಗೆ ಹಲಗೆ ಹೊಡೆದುಕೊಟ್ಟ. "ಶೆಡ್ಡಲ್ಲಿ ಯಾಕೆ ಒದ್ದಾಡ್ತೀಯ, ಇಲ್ಲೇ ಜೋಡಿಸ್ಕೋ" ಎಂದು ಮಗಳಿಗೆ ಹೇಳಿದ. ಗುಜರಿ, ಗುಜರಿ ಎಂದು ವರ್ಷವಿಡೀ ಗೊಣಗಿದ ಬಾಯಿ ಅದು. ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಪಕ್ಕದ ಮನೆಗೆ ಹೋಗಿ ಹೇಳಿ ಬಂದೆ, ಹಾಲು ತರುವವನಿಗೆ ಹೇಳಿದೆ, ಬಸ್ಸಿಗೆ ಕಾಯುತ್ತ ನಿಂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಈಗ ನಿಮಗೆ ಹೇಳುತ್ತಿದ್ದೇನೆ. ಬರೆದದ್ದು ನಾನೇ, ದಪ್ಪ ದಪ್ಪ ಅಕ್ಷರದಲ್ಲಿ. ತಪ್ಪು ತಿದ್ದಿದ್ದು ಮೊಮ್ಮಗಳು.

ಆದರೆ ಈ ಸಂತೋಷದ ಬೇರು ಇರುವುದು ಒಂದು ವಾಸನೆಯಲ್ಲಿ. ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಉಜ್ಜುವಾಗ ಏಳುತ್ತದಲ್ಲ, ಪೂರ್ತಿ ಹುಳಿಯೂ ಅಲ್ಲ, ಬೆವೆತ ಅಂಗೈಯಲ್ಲಿ ಹಿಡಿದ ಕಾಸಿನ ಹಾಗೆ... ಆ ವಾಸನೆ. ಅದು ಮೂಗಿಗೆ ಬಡಿಯದೆ ಹೋಗಿದ್ದರೆ ನನಗೆ ಪಾತ್ರೆ ಸಾಹೇಬರು ನೆನಪಾಗುತ್ತಿರಲಿಲ್ಲ. ಅವರು ನೆನಪಾಗದಿದ್ದರೆ ಈ ಅಂಗಡಿಯೂ ಇರುತ್ತಿರಲಿಲ್ಲ.

ಮೊಮ್ಮಗಳ ಅಂಗಡಿಗೆ ಬಾಗಿಲಿಲ್ಲ, ಗಲ್ಲಾಪೆಟ್ಟಿಗೆಯಿಲ್ಲ. ಇದ್ದದ್ದು ಒಂದು ಫೋನು, ಮತ್ತು ನಮ್ಮ ತುಂಡು ತೋಟದ ಕಾಫಿಯನ್ನು ಒಣಗಿಸಿ ತುಂಬಿಡುವ ಶೆಡ್ಡು. ಯಾರಾದರೂ ಹಳೆಯ ಅಟ್ಟ ಖಾಲಿ ಮಾಡುತ್ತಾರೆಂದರೆ ಹೋಗಿ ಸಾಮಾನು ಕೊಂಡು ತರುತ್ತಾಳೆ: ಬಿಂದಿಗೆ, ಚೆಂಬು, ಮರದ ಸಾಂಬಾರ ಪೆಟ್ಟಿಗೆ, ಎಸ್ಟೇಟ್ ಬಂಗಲೆಯ ಪಿಂಗಾಣಿ ಬಸಿ. ನನ್ನ ಹಳೆಯ ಕಂಬಳಿಯ ಮೇಲೆ ಇಟ್ಟು ಫೋಟೊ ಹೊಡೆದು ಫೋನಿನಲ್ಲಿ ಹಾಕುತ್ತಾಳೆ. ಎಲ್ಲಿಯವರೋ ನೋಡಿ, ಕೊರಿಯರಿನಲ್ಲಿ ತರಿಸಿಕೊಳ್ಳುತ್ತಾರೆ. ಮೊದಮೊದಲು ನನಗೆ ಇದರ ಮರ್ಮ ತಿಳಿಯಲಿಲ್ಲ. ಮಸಿ ಹಿಡಿದ ದೀಪದ ಕಂಬವೊಂದನ್ನು ನೋಡಲಾರದೆ, ಅವಳು ಮೂಡಿಗೆರೆಗೆ ಹೋಗಿದ್ದಾಗ ಹುಣಸೆಹಣ್ಣು ಹಾಕಿ ಬಂಗಾರದ ಹಾಗೆ ಬೆಳಗಿಟ್ಟೆ. ಬಂದು ನೋಡಿದವಳು ತಲೆಯ ಮೇಲೆ ಕೈ ಹೊತ್ತು ಕೂತಳು.

"ಅಜ್ಜೀ, ಹಳೇದು ಅಂತಲೇ ಅವ್ರು ತಗೊಳೋದು. ನೀನು ಅದ್ರ ವಯಸ್ಸನ್ನೇ ತೊಳೆದುಬಿಟ್ಯಲ್ಲ."

"ಹಂಗಾದ್ರೆ ನನ್ನನ್ನೂ ಕಂಬಳಿ ಮೇಲೆ ಕೂರ್ಸಿ ಫೋಟೊ ಹೊಡಿ ಮಾರಾಯ್ತಿ" ಎಂದೆ. "ನಾನೂ ಉಜ್ಜದೇ ಇರೋ ಮಾಲೇ."

ನಕ್ಕಳು. ಆದರೆ ಅಂದಿನಿಂದ ಹುಣಸೆಹಣ್ಣಿಗೆ ಶೆಡ್ಡಿನೊಳಗೆ ಪ್ರವೇಶವಿರಲಿಲ್ಲ.

ಕಷ್ಟ ಬಂದದ್ದು ವಸ್ತಾರೆಯಿಂದ ತಂದ ರಾಶಿಯಿಂದ. ಅಲ್ಲೊಬ್ಬರು ಗುಜರಿಯವರು ವ್ಯಾಪಾರ ಮುಚ್ಚುತ್ತಿದ್ದರು. ಹಿಂದೆ ಜನ ಸ್ಟೀಲಿಗೆ ಬದಲಾಗಿ ಕೊಟ್ಟಿದ್ದ ಹಿತ್ತಾಳೆ ಪಾತ್ರೆಗಳು ಕರಗಿಸುವವರ ಕೈಗೆ ಹೋಗದೆ ಅವರ ಗೋದಾಮಿನ ಮೂಲೆಯಲ್ಲಿ ಉಳಿದುಬಿಟ್ಟಿದ್ದವು. ಮೊಮ್ಮಗಳು ಕೈಯಲ್ಲಿದ್ದುದನ್ನೆಲ್ಲ ಸುರಿದು ಅಷ್ಟನ್ನೂ ಕೊಂಡಳು. ಮಗ ತನ್ನ ಪಿಕಪ್ಪಿನಲ್ಲೇ ಹೇರಿಕೊಂಡು ಬಂದ, ದಾರಿಯುದ್ದಕ್ಕೂ ಬೈಯುತ್ತಾ. ತಂದು ನೋಡಿದರೆ ಎಲ್ಲದರ ಕಂಠದಲ್ಲೂ ಯಾರದೋ ಹೆಸರು. ನಮ್ಮ ಕಡೆ ಆಗ ಹೆಸರು ಹಾಕಿಸದ ಪಾತ್ರೆ ಇರುತ್ತಿರಲಿಲ್ಲ. ಮದುವೆ ಮನೆಗೆ ಎರವಲು ಹೋದದ್ದು ಗುರುತು ಹಿಡಿದು ವಾಪಸು ಬರಬೇಕಲ್ಲ. ಆದರೆ ಫೋನಿನಲ್ಲಿ ಕೊಳ್ಳುವವರಿಗೆ ಅದು ಬೇಡವಾಯಿತು. ನಮ್ಮ ದೇವರ ಮನೆಯಲ್ಲಿ ಬೇರೆಯವರ ಹೆಸರು ಯಾಕೆ ಎಂದು ಕೇಳಿದರು. ಒಂದೂ ಹೋಗಲಿಲ್ಲ.

ಮಗ ಒಂದು ದಿನ ಶೆಡ್ಡಿನ ಬಾಗಿಲಲ್ಲಿ ನಿಂತು ಕಡ್ಡಿ ಮುರಿದ ಹಾಗೆ ಹೇಳಿದ. "ನೋಡು, ಹಣ್ಣು ಕೊಯ್ಲಿಗೆ ಬರೋದ್ರೊಳಗೆ ಇದು ಖಾಲಿ ಆಗ್ಬೇಕು. ಇಲ್ದಿದ್ರೆ ನಾನೇ ತೂಕಕ್ಕೆ ಹಾಕಿ ಬರ್ತೀನಿ. ಆಮೇಲೆ ನೀನು ಚಿಕ್ಕಮಗಳೂರಿಗೆ ನಿನ್ನ ಮಾವನ ಮೊಬೈಲ್ ಅಂಗ್ಡಿಗೆ ಹೋಗು. ಸಂಬ್ಳ ಆದ್ರೂ ಬರ್ತದೆ."

ಅವನದೂ ತಪ್ಪಲ್ಲ. ಹಣ್ಣು ಕೊಯ್ದರೆ ಇಡುವುದೆಲ್ಲಿ? ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗಳು ತಟ್ಟೆಯ ಅನ್ನವನ್ನು ಸುಮ್ಮನೆ ಈ ಕಡೆಯಿಂದ ಆ ಕಡೆಗೆ ಸರಿಸುತ್ತಿದ್ದಳು.

ಆಗಲೇ ಮಲ್ಲಂದೂರು ಕಡೆಯ ಒಂದು ರೆಸಾರ್ಟಿನವರು ಫೋನು ಮಾಡಿದ್ದು. ಇಡೀ ರಾಶಿಯನ್ನೇ ಕೊಳ್ಳುತ್ತೇವೆ, ಗೋಡೆಗೂ ಮೂಲೆಗೂ ಅಂದಕ್ಕೆ ಇಡಲು. ಆದರೆ ಹೆಸರುಗಳನ್ನೆಲ್ಲ ಮೆಷಿನ್ನಿನಲ್ಲಿ ತಿಕ್ಕಿ ತೆಗೆಸಿ, ಹೊಳಪು ಮಾಡಿ ಕೊಡಬೇಕು ಎಂದರು. ಮೊಮ್ಮಗಳು ಒಪ್ಪಿದಳು. ಮೆಷಿನ್ನಿನವನಿಗೂ ಹೇಳಿಯಾಯಿತು. ಅವನು ಬರುವ ಮೊದಲು ಮೇಲಿನ ಮಸಿ, ಕಿಲುಬು ಹೋಗಬೇಕಿತ್ತು. ಹಾಗಾಗಿ ಹುಣಸೆಹಣ್ಣಿಗೆ ಮತ್ತೆ ಅಪ್ಪಣೆ ಸಿಕ್ಕಿತು, ನನಗೂ ಕೆಲಸ ಸಿಕ್ಕಿತು. ಅಂಗಳದ ಕಲ್ಲಿನ ಮೇಲೆ ಕೂತು ಉಜ್ಜತೊಡಗಿದೆ. ಆ ವಾಸನೆ ಎದ್ದಿತು. ಒಂದು ಬಿಂದಿಗೆಯನ್ನು ಕವುಚಿ ಹಾಕಿ ತಳ ತಿಕ್ಕುತ್ತಿದ್ದೆ. ನನ್ನ ಕಣ್ಣಿಗೆ ಪೊರೆ, ಆದರೆ ಬೆರಳಿಗೆ ಪೊರೆಯಿಲ್ಲ. ಮಸಿಯ ಕೆಳಗೆ ಚುಕ್ಕಿಗಳು ಸಿಕ್ಕವು. ಚುಕ್ಕಿಗಳ ಕೊನೆಗೆ, ಕಾಫಿ ಹಣ್ಣಿನ ಗೊಂಚಲಿನ ಹಾಗೆ, ಒತ್ತೊತ್ತಾಗಿ ಮೂರು ಚುಕ್ಕಿ.

ನನ್ನ ಕೈ ನಿಂತಿತು...

ನನ್ನ ಮದುವೆ ಗೊತ್ತಾದ ವರ್ಷ. ಕಾಫಿ ಕೊಯ್ಲು ಮುಗಿದು ಕೈಗೆ ಕಾಸು ಬಂದ ಮೇಲೆ ಅವ್ವ ನನ್ನನ್ನು ಮೂಡಿಗೆರೆಗೆ ಕರೆದುಕೊಂಡು ಹೋದಳು, ಒಂದು ಚೆಂಬು ಕೊಡಿಸಲು. ಒಂದೇ ಚೆಂಬು. ಅದಕ್ಕಿಂತ ಹೆಚ್ಚು ನಮ್ಮಿಂದ ಆಗುತ್ತಿರಲಿಲ್ಲ. ಪಾತ್ರೆ ಸಾಹೇಬರ ಅಂಗಡಿ ಕಾಣುವ ಮೊದಲೇ ಕೇಳುತ್ತಿತ್ತು, ಟಕ್ ಟಕ್ ಟಕ್ ಎಂದು, ಮರಕುಟಿಗನ ಹಾಗೆ. ಗೋಣಿ ಹಾಸಿಕೊಂಡು ಕೂತಿರುತ್ತಿದ್ದರು. ಕನ್ನಡಕದ ಒಂದು ಕಾಲು ಹೋಗಿ ದಾರ ಕಟ್ಟಿಕೊಂಡಿದ್ದರು. ಎದುರಿಗೆ ಹಲಗೆಯೊಂದರ ಮೇಲೆ ನೆಟ್ಟ ಮರದ ಗೂಟ. ಅದಕ್ಕೆ ಪಾತ್ರೆ ತೊಡಿಸಿ, ಕಿರುಬೆರಳಿಗಿಂತ ಸಣ್ಣ ಉಳಿಯಿಂದ ಚುಕ್ಕಿ ಇಡುತ್ತಾ ಅಕ್ಷರ ಮೂಡಿಸುತ್ತಿದ್ದರು.

ಯಾರ ಹೆಸರು ಎಂದು ಕೇಳಿದರು. ಅಳಿಯನದು ಎಂದಳು ಅವ್ವ. ಕಂಠದ ಸುತ್ತ ನನ್ನ ಗಂಡನಾಗುವವರ ಹೆಸರು ಹಾಕಿದರು. ಮುಗಿಯಿತೆಂದುಕೊಂಡು ಅವ್ವ ಕೈ ಚಾಚಿದರೆ, ಅವರು ಚೆಂಬನ್ನು ಕೊಡದೆ ಗೂಟಕ್ಕೆ ಕವುಚಿ ತೊಡಿಸಿದರು. ತಳ ಮೇಲಾಯಿತು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ನಿಂದು ಎಂತ ಹೆಸ್ರು ಮಗಾ?"

ನಾನು ಅವ್ವನ ಬೆನ್ನ ಹಿಂದೆ ಸರಿದೆ. "ಅವಳ್ದು ಯಾಕೆ ಸಾಹೇಬ್ರೆ, ಗಂಡನ ಹೆಸ್ರಿದ್ರೆ ಸಾಕಲ್ಲ" ಎಂದಳು ಅವ್ವ.

"ಕಂಠ ನೋಡೋದು ಬಂದ ನೆಂಟ್ರು. ತಳ ಉಜ್ಜೋದು ಯಾರಮ್ಮ? ಉಜ್ಜೋರ ಕೈಗೆ ಅವರ ಹೆಸ್ರು ಸಿಗ್ಲಿ ಬಿಡಿ" ಎಂದರು. ಆ ಅಕ್ಷರಗಳಿಗೆ ಏನೂ ತೆಗೆದುಕೊಳ್ಳಲಿಲ್ಲ. ಎಲ್ಲ ಹೆಂಗಸರಿಗೂ ಹಾಗೇ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು. ಕೊನೆಗೆ ಆ ಮೂರು ಚುಕ್ಕಿಯ ಗೊಂಚಲು. ಅದು ಅವರ ಕೈಗುರುತು.

ಕಮಲ. ಮೂರೇ ಅಕ್ಷರ. ನಾನು ಶಾಲೆಗೆ ಹೋದದ್ದು ಒಂದು ಮಳೆಗಾಲ, ಕಲಿತದ್ದು ಆ ಮಳೆಯಲ್ಲೇ ಕೊಚ್ಚಿ ಹೋಗಿತ್ತು. ಗಂಡನ ಮನೆ ಎಂದರೆ ಎಸ್ಟೇಟಿನ ಕೂಲಿ ಲೈನಿನ ಒಂದು ಕೋಣೆ. ದಿನಾ ಹಳ್ಳಕ್ಕೆ ಹೋಗಿ ಚೆಂಬು ಉಜ್ಜುವಾಗ ಬೆರಳು ತಳದ ಮೇಲೆ ಓಡುತ್ತಿತ್ತು. ಓಡಿ ಓಡಿ ದಾರಿ ಗುರುತಾಯಿತು. ಒದ್ದೆ ಮರಳಿನ ಮೇಲೆ ಹಾಗೇ ಚುಕ್ಕಿ ಇಟ್ಟು ನೋಡಿದೆ. ಒಂದು ಸಂಬಳದ ದಿನ ಲೆಕ್ಕ ಬರೆಯುವ ರೈಟರು ಹೆಬ್ಬೆಟ್ಟಿಗೆ ಮಸಿಯ ಡಬ್ಬಿ ಮುಂದೆ ತಳ್ಳಿದಾಗ, ಪೆನ್ನು ಕೊಡಿ ಎಂದೆ. ಚುಕ್ಕಿ ಚುಕ್ಕಿಯಾಗಿ ಬರೆದೆ.

"ಎಲ್ಲಿ ಕಲ್ತೆ ಮಾರಾಯ್ತಿ ಇದನ್ನ?" ಎಂದರು ರೈಟರು.

"ಚೆಂಬಿನ ತಳದಲ್ಲಿ" ಎಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹೆಬ್ಬೆಟ್ಟು ಮಾತ್ರ ಅವತ್ತು ಮಸಿಯಾಗದೆ ಮನೆಗೆ ಬಂತು. ಮಿಕ್ಕ ಅಕ್ಷರಗಳನ್ನೂ ಹಾಗೇ, ಒಬ್ಬೊಬ್ಬರ ಪಾತ್ರೆಯ ತಳದಿಂದ ಕಲಿತೆ.

ಆಮೇಲೆ ಸ್ಟೀಲು ಬಂತು. ಹುಣಸೆಹಣ್ಣು ಬೇಡ, ಬೂದಿ ಬೇಡ, ಹಾಗೇ ಹೊಳೆಯುತ್ತದೆ ಎಂದು ಎಲ್ಲರೂ ಹಿತ್ತಾಳೆ ಕೊಟ್ಟು ಸ್ಟೀಲು ತಂದರು. ಸಾಹೇಬರ ಅಂಗಡಿಯಲ್ಲೂ ಸ್ಟೀಲೇ ತುಂಬಿತು. ನಾನೂ ಚೆಂಬು ತೆಗೆದುಕೊಂಡು ಹೋದೆ. ಕೊಡುವಾಗ ಯಾಕೋ ಒಂದು ತರಹ ಆಯಿತು.

"ಸಾಹೇಬ್ರೆ, ನನ್ನ ಹೆಸ್ರು ಅಳಿಸಿಬಿಡಿ. ಯಾರ್ಯಾರ ಕೈಗೆ ಹೋಗ್ತದೋ" ಎಂದೆ.

ಅವರು ಆ ಪುಟ್ಟ ಉಳಿಯನ್ನು ಎತ್ತಿ ತೋರಿಸಿದರು. "ಇದು ಹಾಕೋ ಉಳಿ ಮಗಾ. ಅಳಿಸೋ ಉಳಿ ನಾನು ಇಟ್ಕೊಂಡಿಲ್ಲ."

ಮಿಕ್ಕವರ ಪಾತ್ರೆಗಳನ್ನು ರಾಶಿಗೆ ಎಸೆದಿದ್ದರು. ನನ್ನದನ್ನು ಎಸೆಯಲಿಲ್ಲ. ತಳದ ಮೇಲೊಮ್ಮೆ ಹೆಬ್ಬೆರಳು ಆಡಿಸಿ, ತಮ್ಮ ಗೋಣಿಯ ಪಕ್ಕದಲ್ಲಿ ಮೆಲ್ಲಗೆ ಇಟ್ಟುಕೊಂಡರು. ಅಥವಾ ನನಗೆ ಹಾಗೆ ಕಂಡಿತೋ... ಮುಂದೊಮ್ಮೆ ಹೋದಾಗ ಬಾಗಿಲು ಹಾಕಿತ್ತು. ಬಯಲುಸೀಮೆಯಲ್ಲಿದ್ದ ಮಗಳ ಮನೆಗೆ ಹೋದರೆಂದರು. ಆಮೇಲೆ ಯಾವತ್ತೋ, ಹೋಗಿಬಿಟ್ಟರಂತೆ ಎಂದರು. ಬಸ್ಸಿನಲ್ಲಿ ಯಾರೋ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು, ಅಷ್ಟೇ.

ಇದನ್ನೆಲ್ಲ ಅಂಗಳದಲ್ಲಿ ಕೂತು ಮೊಮ್ಮಗಳಿಗೆ ಹೇಳಿದೆ. ಅವಳು ಒಂದೊಂದೇ ಪಾತ್ರೆ ಮಗುಚಿ ಹಾಕಿದಳು, ನಾನು ತಳ ಉಜ್ಜುತ್ತಾ ಹೋದೆ. ಎಲ್ಲವೂ ಅವರ ಅಂಗಡಿಯವಲ್ಲ. ಆದರೆ ಮೂರು ಚುಕ್ಕಿ ಇದ್ದ ಕಡೆಯೆಲ್ಲ ಒಬ್ಬೊಬ್ಬಳು ಎದ್ದು ಬಂದಳು. ಸುಂದರಿ. ಐಸಮ್ಮ. ಗಿರಿಜ. ದುಗ್ಗಮ್ಮ. ನನ್ನದು ಸಿಗಲಿಲ್ಲ. ರಾಶಿ ಮುಗಿಯುವವರೆಗೂ ನೋಡಿದೆ.

"ಅವ್ರ ಹೆಸ್ರು ಏನಜ್ಜಿ?"

ನನಗೆ ಗೊತ್ತಿರಲಿಲ್ಲ. ಪಾತ್ರೆ ಸಾಹೇಬ್ರು ಎಂದರೆ ಸಾಕಾಗಿತ್ತು. ಊರಿನ ಹೆಂಗಸರನ್ನೆಲ್ಲ ಹೆಸರು ಕೇಳಿದವರ ಹೆಸರನ್ನು ನಾವೊಬ್ಬರೂ ಕೇಳಿರಲಿಲ್ಲ.

ಮೊಮ್ಮಗಳು ಕೈ ಒರೆಸಿಕೊಂಡು ಎದ್ದಳು. ಆಮೇಲೆ ರೆಸಾರ್ಟಿನವರಿಗೆ ಫೋನು ಮಾಡಿ, ಹೆಸರು ತೆಗೆದು ಕೊಡಲು ಆಗುವುದಿಲ್ಲ, ಕ್ಷಮಿಸಿ ಎಂದಳು. ನಾನು ಕಥೆ ಹೇಳಿದ್ದು ಹೇಳಿದೆ, ಹುಡುಗಿಯ ಅನ್ನಕ್ಕೆ ಕಲ್ಲು ಹಾಕಿದೆನೇ ಎನಿಸಿತು. ಸಂಜೆ ಮಗನಿಗೆ ತಿಳಿದಾಗ, "ಅಜ್ಜಿಗೂ ಮೊಮ್ಮಗಳಿಗೂ ಒಂದೇ ಸಲ ತಲೆ ಕೆಟ್ಟಿದೆ. ಮನೆ ಬಾಗ್ಲಿಗೆ ಬಂದ ಲಕ್ಷ್ಮೀನ ಹೆಸ್ರು ಕೇಳಿ ವಾಪಸ್ ಕಳಿಸಿದ್ರಂತೆ" ಎಂದು ಹೇಳಿ ಶೆಡ್ಡಿನ ಬಾಗಿಲನ್ನು ದಡಾರನೆ ಎಳೆದ.

ಮರುದಿನ ಅವಳು ಕಂಬಳಿ ಹಾಸಿ, ಪಾತ್ರೆ ಕವುಚಿ ಇಟ್ಟು, ನನ್ನ ಕೈಯ ವೀಡಿಯೊ ಮಾಡಿದಳು. ಮುಖ ಬೇಡ ಎಂದೆ. ಬೆರಳು ತಳದ ಮೇಲೆ ಓಡುತ್ತದೆ, ನಾನು ಹೆಸರು ಓದುತ್ತೇನೆ, ಅಷ್ಟೇ. ಕೆಳಗೆ ಅವಳು ಸಾಹೇಬರ ಮಾತನ್ನು ಬರೆದಳು, ಉಜ್ಜುವವರ ಕೈಗೆ ಅವರ ಹೆಸರು ಸಿಗಲಿ ಎಂದು. ಕೆಲವು ದಿನ ಯಾರೂ ಕೇಳಲಿಲ್ಲ. ತೋಟದಲ್ಲಿ ಹಣ್ಣು ಅಲ್ಲಲ್ಲಿ ಬಣ್ಣ ತಿರುಗತೊಡಗಿತ್ತು. ಮಗ ಗೋಣಿಚೀಲ ಕೊಡವಿ ಬಿಸಿಲಿಗೆ ಹಾಕಿದ.

ಆಗ ಜಾವಳಿಯಿಂದ ಒಬ್ಬರು ಫೋನು ಮಾಡಿದರು. "ಸುಂದರಿ ಅನ್ನೋ ಬಿಂದಿಗೆ ಇನ್ನೂ ಇದ್ಯಾ? ಕಂಠದಲ್ಲಿ ಯಾರ ಹೆಸ್ರಿದೆ ಸ್ವಲ್ಪ ನೋಡಿ ಹೇಳ್ತೀರಾ?" ಮೊಮ್ಮಗಳು ಓದಿದಳು. "ನಮ್ಮಪ್ಪಂದೇ. ಯಾರಿಗೂ ಕೊಡ್ಬೇಡಿ" ಎಂದರು. ಮಾರನೆಯ ದಿನವೇ ಬಸ್ಸು ಹತ್ತಿ ಬಂದರು, ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ಬಿಂದಿಗೆಯನ್ನು ಮಡಿಲಿಗೆ ಹಾಕಿಕೊಂಡು ತಳ ಸವರಿದರು. "ನಮ್ಮವ್ವಂದು ಒಂದು ಫೋಟೊನೂ ಇಲ್ಲ ನಮ್ಮ ಹತ್ರ" ಎಂದರು. ನನ್ನ ಮಗ ಜಗಲಿಯಲ್ಲಿ ನಿಂತು ನೋಡುತ್ತಿದ್ದ. ಅವರನ್ನು ಬಸ್ಸಿಗೆ ಬಿಡದೆ, ತಾನೇ ಪಿಕಪ್ಪಿನಲ್ಲಿ ಜಾವಳಿಯವರೆಗೆ ಬಿಟ್ಟುಬಂದ. ಬಂದವನು ಗೋಣಿಚೀಲದ ಮಾತೆತ್ತಲಿಲ್ಲ.

ಅವರು ಊರಲ್ಲೆಲ್ಲ ಹೇಳಿದರು. ಆಮೇಲೆ ಫೋನು ನಿಂತರೆ ಕೇಳಿ. ಕಳಸದ ಕಡೆಯಿಂದ, ಎಲ್ಲೆಲ್ಲಿಂದಲೋ, ನಮ್ಮವ್ವನ ಹೆಸರಿದೆಯಾ, ನಮ್ಮಜ್ಜಿಯದಿದೆಯಾ ಎಂದು. ಸಿಕ್ಕಿದ್ದು ಕೆಲವರಿಗೆ. ಸಿಗದವರು, ಇರಲಿ, ಹೆಸರಿರುವ ಯಾವುದಾದರೂ ಕೊಡಿ ಎಂದರು. ಹಣ್ಣು ಪೂರ್ತಿ ಕೆಂಪಾಗುವ ಹೊತ್ತಿಗೆ, ಒಂದೆರಡು ಚೆಂಬು ಬಿಟ್ಟರೆ, ಶೆಡ್ಡು ಖಾಲಿ. ಈಗ ಜನ ತಾವಾಗಿಯೇ ಅಟ್ಟದಿಂದ ಇಳಿಸಿ, ತಳ ಉಜ್ಜಿ ನೋಡಿ ಅವಳಿಗೆ ತಂದು ಕೊಡುತ್ತಿದ್ದಾರೆ. ಅದಕ್ಕೇ ಇವತ್ತಿನ ಈ ಹಲಗೆ.

ನನ್ನ ಚೆಂಬನ್ನು ಮೊಮ್ಮಗಳು ಇನ್ನೂ ಹುಡುಕುತ್ತಿದ್ದಾಳೆ. ಸಿಗಲಿಕ್ಕಿಲ್ಲ. ಕರಗಿ ಯಾವ ಮನೆಯ ನಲ್ಲಿಯಾಗಿದೆಯೋ. ಸಾಹೇಬರಂತೂ ಸಿಗುವುದಿಲ್ಲ. ಸಿಕ್ಕಿದ್ದರೆ ಅವರನ್ನು ಈ ಹಲಗೆಯ ಮುಂದೆ ಕೂರಿಸಿ...

ಸಂಜೆ ಎಲ್ಲರೂ ಒಟ್ಟಿಗೆ ಕೂತೆವು. ಸೊಸೆ ಕಡುಬು ಮಾಡಿದ್ದಳು, ಕೋಳಿ ಸಾರು ಮಾಡಿದ್ದಳು. ನಡುವೆ ನೀರಿಗೆ, ಇನ್ನೂ ಯಾರೂ ಕೇಳಿ ಬರದ ಒಂದು ಚೆಂಬನ್ನು ಮೊಮ್ಮಗಳು ಇಟ್ಟಿದ್ದಳು. "ಯಾರದೇ ಇದು?" ಎನ್ನುತ್ತಾ ಮಗ ತುಂಬಿದ ಚೆಂಬನ್ನು ಹಾಗೇ ಎತ್ತಿ ಮಗುಚಿ ತಳ ನೋಡಿದ. ನೀರೆಲ್ಲ ಅವನ ತಟ್ಟೆಗೆ.

"ಸಾರು ನೀರಾಯ್ತು ಅಂತ ಮತ್ತೆ ನನ್ನ ಬೈಬೇಡಿ" ಎಂದಳು ಸೊಸೆ.

ನಕ್ಕು ನಕ್ಕು ಮೊಮ್ಮಗಳಿಗೆ ನೆತ್ತಿಗೆ ಹತ್ತಿತು. ಮಗ ಮಾತ್ರ ಒಂದೊಂದೇ ಅಕ್ಷರ ಕೂಡಿಸಿ "ದುಗ್ಗಮ್ಮ" ಎಂದು ಓದಿದ. "ಯಾರ ಮನೆಯವ್ರೋ ಪಾಪ" ಎಂದ. ಎದ್ದು ಹೋಗಿ ಮತ್ತೆ ನೀರು ತುಂಬಿಸಿಕೊಂಡು ಬಂದು, ಮೊದಲು ನನ್ನ ಕೈಗೆ ಕೊಟ್ಟ.

ಎತ್ತಿ ಕುಡಿಯುವಾಗ ಬೆರಳು ತಾನಾಗಿಯೇ ತಳಕ್ಕೆ ಹೋಯಿತು. ದುಗ್ಗಮ್ಮನನ್ನು ದಾಟಿ ಕೊನೆಗೆ ಬಂದಾಗ ಆ ಮೂರು ಚುಕ್ಕಿ ಸಿಕ್ಕವು. ಸಾಹೇಬರ ಹೆಸರೆಂದು ನನಗೆ ಗೊತ್ತಿರುವುದು ಅಷ್ಟೇ.